ಗೇರ್ ಬಾಕ್ಸ್ ಇಳಿಸುವ ಮುಂಚೆ: ಹಳೇ ಡೀಸೆಲ್ ಜೀಪಿನ ಕ್ಲಚ್ ಸದ್ದು ಮಾಡಿದರೆ, ಸ್ಲಿಪ್ ಆದರೆ ಏನೇನು ನೋಡಬೇಕು

ನಮ್ಮ ಜೀಪಿನ ಗೇರ್ ಬಾಕ್ಸ್ ಒಂದು ಸಲ ಸುಮ್ನೆ ಕೆಳಗೆ ಇಳಿದಿತ್ತು. ಅಡಿಕೆ ಮೂಟೆ ಹಾಕಿಕೊಂಡು ತೋಟದಿಂದ ರಸ್ತೆಗೆ ಹತ್ತಬೇಕು, ಇಂಜಿನ್ ನೋಡಿದರೆ ಬಾಯಿ ಬಡಿದುಕೊಳ್ಳುತ್ತಿದೆ, ಜೀಪು ಮಾತ್ರ ತೆವಳುತ್ತಿದೆ. ಗ್ಯಾರೇಜಿಗೆ ಬಿಟ್ಟೆ. "ಪ್ಲೇಟ್ ಹೋಗಿದೆ ಸಾರ್, ಇಳಿಸಬೇಕು" ಎಂದರು. ಇಳಿಸಿದರು. ಎರಡನೇ ದಿನ ಪ್ಲೇಟ್ ಕೈಗೆ ಬಂತು. ನೋಡಿದರೆ ಲೈನಿಂಗ್ (ಪ್ಲೇಟಿನ ಮೇಲಿನ ಹಿಡಿತದ ಹೊದಿಕೆ) ಅರ್ಧಕ್ಕಿಂತ ಜಾಸ್ತಿ ಉಳಿದಿದೆ! ಆಗ ನೆನಪಾಯಿತು: ಹದಿನೈದು ದಿನದ ಹಿಂದೆ ಮನೆಗೆ ಬಂದಿದ್ದ ಭಾವ "ಪೆಡಲ್ ಇಷ್ಟು ಲೂಸ್ ಇದೆಯಲ್ಲ ಮಾರಾಯ" ಎಂದು ಕೇಬಲ್ ನಟ್ಟನ್ನು ಚೆನ್ನಾಗಿ ಬಿಗಿದಿದ್ದರು. ಕಾಯಿಲೆ ಅಷ್ಟೇ. ಹತ್ತು ನಿಮಿಷದ ಕೆಲಸಕ್ಕೆ ಎರಡು ದಿನದ ಮಜೂರಿ ಕೊಟ್ಟೆ. ಮೆಕ್ಯಾನಿಕ್ ಅವರನ್ನು ಬೈದು ಪ್ರಯೋಜನವಿಲ್ಲ, ನಾನು ಹೇಳಿದ್ದೇ "ಕ್ಲಚ್ ಹೋಗಿದೆ" ಎಂದು.

ಕ್ಲಚ್ ವಿಷಯದಲ್ಲಿ ಇದೇ ತೊಂದರೆ. ಅದು ಕಣ್ಣಿಗೆ ಕಾಣುವುದಿಲ್ಲ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ಎನ್ನುವ ಕವಚದ ಒಳಗೆ ಕೂತಿರುತ್ತದೆ. ನೋಡಬೇಕಾದರೆ ಚಕ್ರಗಳ ಕಡೆ ಹೋಗುವ ಎರಡು ಪ್ರೊಪೆಲ್ಲರ್ ಶಾಫ್ಟ್, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಗೇರ್ ಬಾಕ್ಸ್ ಎಲ್ಲ ಇಳಿಯಬೇಕು. ಅದಕ್ಕೇ ಇಳಿಸುವ ಮುಂಚೆ ಕಿವಿ ಮತ್ತು ಎಡಗಾಲು ಎಷ್ಟು ಹೇಳುತ್ತವೋ ಅಷ್ಟನ್ನೂ ಕೇಳಿಸಿಕೊಳ್ಳಬೇಕು. ಮಲೆನಾಡಿನಲ್ಲಿ ಇವತ್ತಿಗೂ ಓಡುತ್ತಿರುವ ಮಹೀಂದ್ರಾ ಎಂಎಂ 540, ಕಮಾಂಡರ್, ಮೇಜರ್, ಹಳೇ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡಬಲ್ಲ) ಬೊಲೆರೊ, 2010ರಲ್ಲಿ ಬಂದ ಮೊದಲ ಥಾರ್, ಇಂಥ ಗಾಡಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಬೇರೆ ಕಂಪನಿಯ ಹಳೇ ಡೀಸೆಲ್ ಗಾಡಿಗೂ ಲೆಕ್ಕ ಇದೇ.

ಒಳಗೆ ಏನು ನಡೆಯುತ್ತದೆ

ಇದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಇಂಜಿನ್ನಿನ ಹಿಂದೆ ಅದರ ಮುಖ್ಯ ಶಾಫ್ಟ್ ಆದ ಕ್ರ್ಯಾಂಕಿಗೆ ಕೂತ ಭಾರದ ಚಕ್ರ, ಫ್ಲೈವೀಲ್. ಅದಕ್ಕೆ ಒತ್ತಿಕೊಂಡು ಕ್ಲಚ್ ಪ್ಲೇಟ್. ಪ್ಲೇಟನ್ನು ಒತ್ತಿ ಹಿಡಿಯುವುದು ಪ್ರೆಷರ್ ಪ್ಲೇಟ್. ಕ್ಲಚ್ ಪ್ಲೇಟಿನ ನಡುವೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ತೂರಿಕೊಂಡಿರುತ್ತದೆ. ಆ ಶಾಫ್ಟಿನ ಮೂತಿ ಹೋಗಿ ಕ್ರ್ಯಾಂಕಿನ ಹಿಂಬದಿಯಲ್ಲಿರುವ ಪೈಲಟ್ ಬೇರಿಂಗಿನಲ್ಲಿ ಕೂರುತ್ತದೆ, ಕೆಲವದರಲ್ಲಿ ಬೇರಿಂಗ್ ಬದಲು ಬುಷ್ ಇರುತ್ತದೆ. ಪೆಡಲ್ ತುಳಿದಾಗ ಫೋರ್ಕ್ ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ. ಅದು ಪ್ರೆಷರ್ ಪ್ಲೇಟಿನ ಬೆರಳುಗಳನ್ನು ಒತ್ತುತ್ತದೆ. ಪ್ಲೇಟ್ ಬಿಡುಗಡೆಯಾಗುತ್ತದೆ.

ಈಗ ಯಾವಾಗ ಯಾವುದು ತಿರುಗುತ್ತದೆ ನೋಡಿ. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಿದ್ದಾಗ ಇನ್‌ಪುಟ್ ಶಾಫ್ಟ್ ತಿರುಗುತ್ತಿರುತ್ತದೆ. ಪೆಡಲ್ ಪೂರ್ತಿ ತುಳಿದು ಗೇರ್ ಹಾಕಿದರೆ ಅದು ನಿಲ್ಲುತ್ತದೆ, ಕ್ರ್ಯಾಂಕ್ ಮಾತ್ರ ತಿರುಗುತ್ತದೆ. ಅಂದರೆ ಪೈಲಟ್ ಬೇರಿಂಗಿಗೆ ನಿಜವಾದ ಕೆಲಸ ಬೀಳುವುದು ಆಗಲೇ. ರಿಲೀಸ್ ಬೇರಿಂಗಿಗೆ ಕೆಲಸ ಶುರುವಾಗುವುದು ಕಾಲು ಪೆಡಲ್ ಮೇಲೆ ಬಿದ್ದ ಕೂಡಲೇ. ಸದ್ದು ಪತ್ತೆ ಮಾಡುವ ಕೀಲಿಕೈ ಇಷ್ಟೇ.

ಮೊದಲು ಗಾಡಿ ಉರುಳದ ಹಾಗೆ ನೋಡಿಕೊಳ್ಳಿ

ಸಮತಟ್ಟು ಜಾಗ ಹುಡುಕಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ಆದರೆ ಹಳೇ ಜೀಪಿನ ಹ್ಯಾಂಡ್ ಬ್ರೇಕ್ ನಂಬಬೇಡಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ. ಇನ್ನೊಂದು ಮಾತು, ಇದು ತುಂಬಾ ಜನಕ್ಕೆ ಗೊತ್ತಿಲ್ಲ: ಟ್ರಾನ್ಸ್‌ಫರ್ ಕೇಸಿನ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಮುಖ್ಯ ಗೇರ್ ಹಾಕಿದ್ದರೂ ಗಾಡಿ ಉರುಳುತ್ತದೆ. "ಗೇರಲ್ಲಿ ನಿಲ್ಲಿಸಿದ್ದೆ, ಆದರೂ ಹೋಗಿ ಕೆರೆಗೆ ಬಿತ್ತು" ಎನ್ನುವ ಕಥೆಗಳ ಮೂಲ ಕೆಲವು ಸಲ ಇಲ್ಲೇ ಇರುತ್ತದೆ. ಗಾಡಿಯ ಮುಂದೆ, ಹಿಂದೆ ಯಾರೂ ನಿಲ್ಲಬಾರದು. ಪಂಚೆ, ಟವೆಲ್ಲು ಫ್ಯಾನಿನ ಹತ್ತಿರ ಹೋಗಬಾರದು.

ಸದ್ದು ಎಲ್ಲಿಂದ ಬರುತ್ತಿದೆ

ಇಂಜಿನ್ ಆಫ್ ಇರುವಾಗಲೇ ಶುರು ಮಾಡಿ. ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ ಬಿಡಿ. ಕೀಚ್ ಕೀಚ್ ಅಂತ ಬಂದರೆ ಖುಷಿ ಪಡಿ, ಅದು ಹೊರಗಿನ ಸದ್ದು. ಪೆಡಲ್ ಬುಷ್, ಒಣಗಿದ ಕೇಬಲ್, ಫೋರ್ಕ್ ಕೂರುವ ಜಾಗ, ಈ ಮೂರರಲ್ಲಿ ಒಂದು. ಪೆಡಲ್ ಬುಷ್‌ಗೆ ಎರಡು ಹನಿ ಆಯಿಲ್ ಬಿಟ್ಟು ನೋಡಿ. ಒತ್ತುವಾಗ ಕೇಬಲ್ ಒರಟೊರಟಾಗಿ ಜಗ್ಗಿದರೆ ಒಳಗಿನ ಎಳೆ ಒಂದೊಂದೇ ಹರಿಯುತ್ತಿದೆ ಎಂದರ್ಥ. ಅದನ್ನು ಈಗಲೇ ಬದಲಾಯಿಸಿ, ಇಲ್ಲದಿದ್ದರೆ ಘಾಟಿಯ ನಡುವೆ ಕೈ ಕೊಡುತ್ತದೆ.

ಈಗ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾಗಲಿ. ನ್ಯೂಟ್ರಲ್‌ನಲ್ಲಿ ಇಟ್ಟು ಕಾಲನ್ನು ಪೆಡಲಿನಿಂದ ಪೂರ್ತಿ ತೆಗೆಯಿರಿ. ಐಡ್ಲಿಂಗ್‌ನಲ್ಲಿ ಗರ್ರ್ ಎನ್ನುವ ಸದ್ದು ಬರುತ್ತಿದೆಯಾ? ಪೆಡಲ್ ಪೂರ್ತಿ ತುಳಿಯಿರಿ. ಎರಡು ಮೂರು ಸೆಕೆಂಡಿನಲ್ಲಿ ಸದ್ದು ಸತ್ತು, ಬಿಟ್ಟರೆ ಮತ್ತೆ ಬಂದರೆ ಅದು ಕ್ಲಚ್ ಅಲ್ಲವೇ ಅಲ್ಲ. ಗೇರ್ ಬಾಕ್ಸಿನ ಇನ್‌ಪುಟ್ ಬೇರಿಂಗ್ ಅಥವಾ ಕೆಳಗಿನ ಶಾಫ್ಟಿನ ಬೇರಿಂಗ್. ಮೊದಲು ಗೇರ್ ಆಯಿಲ್ ಮಟ್ಟ ನೋಡಿ. ಹಳೇ ಜೀಪಿನಲ್ಲಿ ಗೇರ್ ಆಯಿಲ್ ಕೊನೆಗೆ ಯಾವಾಗ ನೋಡಿದ್ದು ಎಂದು ಕೇಳಿದರೆ ಎಲ್ಲರೂ ಆಕಾಶ ನೋಡುತ್ತಾರೆ.

ಇಲ್ಲಿ ಒಂದು ಗೊಂದಲ ಇದೆ. ಹಳೇ ಡೀಸೆಲ್ ಇಂಜಿನ್ ಐಡ್ಲಿಂಗ್‌ನಲ್ಲಿ ಒಂದೇ ಸಮನೆ ತಿರುಗುವುದಿಲ್ಲ, ಒಂದೊಂದು ಸಿಲಿಂಡರ್ ಹೊಡೆದಾಗಲೂ ಒಂದು ಏಟು. ಆ ಏಟಿಗೆ ಗೇರ್ ಹಲ್ಲುಗಳು ಕಟಕಟ ಅನ್ನುತ್ತವೆ. ಇದೂ ಪೆಡಲ್ ತುಳಿದರೆ ನಿಲ್ಲುತ್ತದೆ. ವ್ಯತ್ಯಾಸ ಗೊತ್ತಾಗಬೇಕಾದರೆ ಆಕ್ಸಲರೇಟರ್ ಸ್ವಲ್ಪ ಒತ್ತಿ. ಕಟಕಟ ಆದರೆ ಮಾಯವಾಗುತ್ತದೆ. ಬೇರಿಂಗ್ ಗರ್ರ್ ಆದರೆ ಇಂಜಿನ್ ಜೊತೆಗೇ ಮೇಲೇರುತ್ತದೆ. ಕಟಕಟ ಇತ್ತೀಚೆಗೆ ಜಾಸ್ತಿಯಾಗಿದ್ದರೆ ಐಡ್ಲಿಂಗ್ ತೀರಾ ಕಡಿಮೆ ಇರಬಹುದು, ಇಲ್ಲವೇ ಕ್ಲಚ್ ಪ್ಲೇಟಿನ ನಡುವಿನ ಸಣ್ಣ ಸ್ಪ್ರಿಂಗುಗಳು ಸಡಿಲವಾಗಿರಬಹುದು.

ಮುಂದೆ, ಪೆಡಲ್ ಮೇಲೆ ಎರಡು ಬೆರಳಿನ ಭಾರದಷ್ಟು ಮಾತ್ರ ಕಾಲು ಇಡಿ. ಫ್ರೀ ಪ್ಲೇ, ಅಂದರೆ ಪೆಡಲ್ ಸಡಿಲವಾಗಿ ಸುಮ್ಮನೆ ಇಳಿಯುವಷ್ಟು ದೂರ, ಮುಗಿದು ಸ್ವಲ್ಪ ಗಟ್ಟಿ ಸಿಗುತ್ತದಲ್ಲ, ಅಲ್ಲಿ ನಿಲ್ಲಿಸಿ. ಆ ಕ್ಷಣಕ್ಕೇ ಸುಂಯ್ ಅಂತಲೋ ಜರಜರ ಅಂತಲೋ ಶುರುವಾಗಿ, ತುಳಿದಷ್ಟೂ ಜಾಸ್ತಿಯಾದರೆ ರಿಲೀಸ್ ಬೇರಿಂಗ್ ಒಣಗಿದೆ. ಇದಕ್ಕೆ ಉಲ್ಟಾನೂ ಇದೆ: ಕಾಲು ಇಡದಿದ್ದಾಗ ಜೀರುಂಡೆ ಥರ ಚಿರ್ ಚಿರ್, ಕಾಲು ತಾಗಿಸಿದ ಕೂಡಲೇ ಗಪ್‌ಚಿಪ್. ಇದು ಬೇರಿಂಗ್ ಸತ್ತಿದ್ದಲ್ಲ, ಸಡಿಲವಾಗಿ ಅಲ್ಲಾಡುತ್ತಾ ಬೆರಳುಗಳಿಗೆ ಸವರುತ್ತಿರುವುದು. ಫೋರ್ಕಿನ ರಿಟರ್ನ್ ಸ್ಪ್ರಿಂಗ್ ಇದೆಯಾ ನೋಡಿ. ಎಷ್ಟೋ ಜೀಪುಗಳಲ್ಲಿ ಅದು ಬಿದ್ದು ಎಷ್ಟು ವರ್ಷವಾಯಿತೋ ದೇವರಿಗೇ ಗೊತ್ತು.

ಕೊನೆಯದು ಪೈಲಟ್ ಬೇರಿಂಗ್. ಪೆಡಲ್ ಪೂರ್ತಿ ತುಳಿದು, ಬ್ರೇಕೂ ಒತ್ತಿ, ಫಸ್ಟ್ ಗೇರ್ ಹಾಕಿ, ಹಾಗೇ ಹಿಡಿದುಕೊಳ್ಳಿ. ಕಾಲು ಜಾರಬಾರದು, ಒದ್ದೆ ಚಪ್ಪಲಿ ಇದ್ದರೆ ಬಿಚ್ಚಿಡಿ. ಕಾಲು ತಾಗಿಸಿದಾಗ ಸುಮ್ಮನಿದ್ದು, ಪೂರ್ತಿ ತುಳಿದು ಗೇರ್ ಬಿದ್ದ ಮೇಲೆ ಮಾತ್ರ ಕಿರುಚುವ ಸದ್ದು ಬಂದರೆ ಪೈಲಟ್ ಬೇರಿಂಗ್ ಮೇಲೆ ಅನುಮಾನ ಪಡಿ. ಕೆಲವು ಸಲ ಇದರ ಜೊತೆಗೆ ರಿವರ್ಸ್ ಹಾಕುವಾಗ ಹಲ್ಲು ಕಡಿಯುವುದೂ ಇರುತ್ತದೆ, ಏಕೆಂದರೆ ಬೇರಿಂಗ್ ಕಚ್ಚಿಕೊಂಡು ಶಾಫ್ಟನ್ನು ನಿಲ್ಲಲು ಬಿಡುವುದಿಲ್ಲ.

ಸದ್ದಿನ ಜಾಗ ಇನ್ನೂ ಅನುಮಾನವಿದ್ದರೆ ಉದ್ದದ ಸ್ಕ್ರೂಡ್ರೈವರ್ ತಂದು, ತುದಿಯನ್ನು ಬೆಲ್ ಹೌಸಿಂಗಿಗೆ ಇಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ. ಆಮೇಲೆ ಗೇರ್ ಬಾಕ್ಸಿನ ನಡುವಿಗೆ, ಆಮೇಲೆ ಟ್ರಾನ್ಸ್‌ಫರ್ ಕೇಸಿಗೆ. ಎಲ್ಲಿ ಕಿವಿಗೆ ಚುಚ್ಚುತ್ತದೋ ಅಲ್ಲಿ. ಹೀಗೆ ಕೇಳುವಾಗ ಗಾಡಿ ನ್ಯೂಟ್ರಲ್‌ನಲ್ಲೇ ಇರಲಿ.

ಫೋರ್ ವೀಲ್ ಗಾಡಿಗೆ ಮಾತ್ರ ಸಿಗುವ ಒಂದು ಪರೀಕ್ಷೆ ಇದೆ, ನನಗೆ ಬಹಳ ಇಷ್ಟ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ಗೆ ಹಾಕಿ, ಮುಖ್ಯ ಗೇರ್ ಮೂರಕ್ಕೆ ಹಾಕಿ, ಮೆಲ್ಲಗೆ ಕ್ಲಚ್ ಬಿಡಿ. ಗೇರ್ ಬಾಕ್ಸ್ ತಿರುಗುತ್ತದೆ, ಪ್ರೊಪೆಲ್ಲರ್ ಶಾಫ್ಟ್, ಅದರ ತುದಿಯ ಕೀಲು ಆದ ಕ್ರಾಸ್, ಚಕ್ರಗಳ ನಡುವಿನ ಡಿಫರೆನ್ಷಿಯಲ್ ಎಲ್ಲ ನಿಂತಿರುತ್ತವೆ. ರಸ್ತೆಯಲ್ಲಿ ಬರುತ್ತಿದ್ದ ಸದ್ದು ಈಗ ಇಲ್ಲ ಎಂದಾದರೆ ಕ್ಲಚ್ಚನ್ನು ಬಿಟ್ಟು ಹಿಂದಕ್ಕೆ ಹೋಗಿ. ಹೊರಡುವಾಗ ಟಣ್ ಅನ್ನುವ ಸದ್ದು ಬಹಳ ಸಲ ಸವೆದ ಕ್ರಾಸಿನದು. ಪರೀಕ್ಷೆ ಮುಗಿದ ಮೇಲೆ ಲಿವರ್ ವಾಪಸ್ ಹಾಕುವುದು ಮರೆಯಬೇಡಿ, ಉರುಳುವ ವಿಷಯ ಮೇಲೆ ಹೇಳಿದ್ದೇನೆ.

ಇನ್ನು ಸ್ಲಿಪ್

ಜೀಪು ಎಳೆಯುತ್ತಿಲ್ಲ ಎಂದ ಕೂಡಲೇ ಕ್ಲಚ್ ಎಂದು ತೀರ್ಮಾನಿಸಬೇಡಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಆಕ್ಸಲರೇಟರ್ ಕೊಟ್ಟಾಗ ಇಂಜಿನ್ ಸದ್ದು ಏರುತ್ತಿದೆಯಾ? ಇಂಜಿನ್ ಏರಿ ಸ್ಪೀಡ್ ಏರದಿದ್ದರೆ ಸ್ಲಿಪ್. ಇಂಜಿನ್ನೇ ಏರದೆ ಮಂಕಾಗಿ ಗುಂಯ್‌ಗುಡುತ್ತಿದ್ದರೆ ಕ್ಲಚ್ ಚೆನ್ನಾಗಿದೆ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಪಂಪ್ ಕಡೆ ನೋಡಿ. ಕೆಸರಿನಲ್ಲಿ ಇಂಜಿನ್ ಏರಿ ಗಾಡಿ ನಿಂತಲ್ಲೇ ಇದ್ದರೆ ಯಾರನ್ನಾದರೂ ಕೆಳಗಿಳಿಸಿ ಚಕ್ರ ನೋಡಿಸಿ. ಹಿಂದಿನದು ತಿರುಗಿ ಮುಂದಿನದು ನಿಂತಿದ್ದರೆ ಮುಂದಿನ ಚಕ್ರದ ನಡುವಿನ ಹಬ್ ಲಾಕ್ ಮಾಡಿಲ್ಲ, ಅಥವಾ ಫೋರ್ ವೀಲ್ ಬಿದ್ದಿಲ್ಲ.

ರಸ್ತೆಯ ಪರೀಕ್ಷೆ ಹೀಗೆ. ಖಾಲಿ ರಸ್ತೆ, ಸ್ವಲ್ಪ ಏರು ಇದ್ದರೆ ಒಳ್ಳೆಯದು. ಟ್ರಾನ್ಸ್‌ಫರ್ ಲಿವರ್ ಟೂ ವೀಲ್ ಹೈನಲ್ಲಿ (ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ, ಮಾಮೂಲಿ ರೇಂಜ್), ಟಾಪ್ ಗೇರಿನಲ್ಲಿ, ಗಂಟೆಗೆ 35–40 ಕಿ.ಮೀ. ಸ್ಪೀಡಿನಲ್ಲಿ ಆಕ್ಸಲರೇಟರ್ ಪೂರ್ತಿ ಒತ್ತಿ. ಸ್ಲಿಪ್ ಮೊದಲು ಕಾಣಿಸಿಕೊಳ್ಳುವುದು ಟಾಪ್ ಗೇರಿನಲ್ಲೇ. "ಫಸ್ಟಲ್ಲಿ, ಲೋ ರೇಂಜಲ್ಲಿ ಚೆನ್ನಾಗೇ ಹತ್ತುತ್ತದಲ್ಲ" ಎಂದು ವಾದ ಮಾಡುವವರು ಸಿಗುತ್ತಾರೆ. ಹತ್ತುತ್ತದೆ, ಸರಿ. ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ ಸುಮಾರು ಎರಡೂವರೆ ಪಟ್ಟು ಗೇರ್ ಕೊಡುತ್ತದೆ, ಹಾಗಾಗಿ ಅದೇ ಏರಿಗೆ ಕ್ಲಚ್ ಮೇಲೆ ಬೀಳುವ ಭಾರ ಅಷ್ಟು ಕಡಿಮೆ. ಮುಕ್ಕಾಲು ಸತ್ತ ಕ್ಲಚ್ ಕೂಡ ಅಲ್ಲಿ ಗಟ್ಟಿಮುಟ್ಟಾಗಿ ಕಾಣುತ್ತದೆ. ಸೆಕೆಂಡ್ ಹ್ಯಾಂಡ್ ಜೀಪು ತೋರಿಸುವಾಗ ಲೋ ಹಾಕಿ ಗುಡ್ಡ ಹತ್ತಿಸಿ ತೋರಿಸಿದರೆ ಟಾಪ್ ಗೇರಿನ ಪರೀಕ್ಷೆಯನ್ನು ನೀವೇ ಕೇಳಿ ಮಾಡಿ.

ನಿಂತಲ್ಲೇ ಮಾಡುವ ಪರೀಕ್ಷೆಯೂ ಇದೆ. ಹ್ಯಾಂಡ್ ಬ್ರೇಕ್, ಕಲ್ಲು, ಕಾಲಿನ ಬ್ರೇಕ್ ಮೂರೂ ಇರಲಿ. ಹೈ ರೇಂಜಿನಲ್ಲೇ ಟಾಪ್ ಗೇರ್ ಹಾಕಿ, ಇಂಜಿನ್ ಸ್ವಲ್ಪ ಏರಿಸಿ, ಕ್ಲಚ್ಚನ್ನು ಮೆಲ್ಲಗೆ ಆದರೆ ತಡವರಿಸದೆ ಪೂರ್ತಿ ಬಿಡಿ. ಇಂಜಿನ್ ಧಡಕ್ಕನೆ ನಿಂತರೆ ಕ್ಲಚ್ ಹಿಡಿಯುತ್ತಿದೆ. ಪೆಡಲ್ ಪೂರ್ತಿ ಮೇಲೆ ಬಂದರೂ ಓಡುತ್ತಲೇ ಇದ್ದರೆ ಸ್ಲಿಪ್, ತಕ್ಷಣ ತುಳಿದುಬಿಡಿ. ಒಂದು ಸಲ ಸಾಕು. ಖುಷಿಗೆ ನಾಲ್ಕು ಸಲ ಮಾಡಿದರೆ ಚೆನ್ನಾಗಿದ್ದ ಪ್ಲೇಟೂ ಸುಟ್ಟು ಹೋಗುತ್ತದೆ.

ಕಡಿಮೆ ಖರ್ಚಿನದು ಮೊದಲು

ಸ್ಲಿಪ್ ಖಚಿತವಾಯಿತು. ಈಗಲೂ ಗೇರ್ ಬಾಕ್ಸ್ ಮುಟ್ಟಬೇಡಿ. ಪೆಡಲ್ ಪಕ್ಕ ಒಂದು ಸ್ಕೇಲ್ ಹಿಡಿದು, ಬೆರಳಿನಿಂದ ಒತ್ತಿ ಫ್ರೀ ಪ್ಲೇ ಅಳೆಯಿರಿ. ಕೇಬಲ್ ಅಥವಾ ರಾಡ್ ಇರುವ ಹಳೇ ಜೀಪಿನಲ್ಲಿ ಸುಮಾರು 20ರಿಂದ 25 ಮಿ.ಮೀ. ಇರಬೇಕು, ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಏನೂ ಇಲ್ಲದಿದ್ದರೆ ನೀವು ಕಾಲು ತೆಗೆದರೂ ಬೇರಿಂಗ್ ಬೆರಳುಗಳನ್ನು ಒತ್ತಿಕೊಂಡೇ ಇರುತ್ತದೆ. ನನ್ನ ಭಾವ ಮಾಡಿದ್ದು ಇದನ್ನೇ. ಆದರೆ ಯಾರೂ ಬಿಗಿಯದೆಯೂ ಇದು ಆಗುತ್ತದೆ, ಪ್ಲೇಟ್ ಸವೆದಂತೆ ಫ್ರೀ ಪ್ಲೇ ತಾನಾಗಿಯೇ ಕಡಿಮೆಯಾಗುತ್ತಾ ಬರುತ್ತದೆ. ಆದ್ದರಿಂದ ನಟ್ ಸಡಿಲಿಸಿ ಸರಿ ಮಾಡಿ, ಮತ್ತೆ ಟಾಪ್ ಗೇರಿನ ಪರೀಕ್ಷೆ ಮಾಡಿ. ಸ್ಲಿಪ್ ನಿಂತರೆ ಗೆದ್ದಿರಿ. ಒಂದೆರಡು ತಿಂಗಳಿಗೆ ಮತ್ತೆ ಫ್ರೀ ಪ್ಲೇ ಮುಗಿದರೆ ಪ್ಲೇಟಿನ ಆಯಸ್ಸು ಮುಗಿಯುತ್ತಿದೆ.

ಬಾನೆಟ್ ಒಳಗೆ ಬ್ರೇಕ್ ಆಯಿಲ್ ಡಬ್ಬಿಯ ಪಕ್ಕ ಕ್ಲಚ್ಚಿಗೂ ಒಂದು ಡಬ್ಬಿ ಇದ್ದರೆ ನಿಮ್ಮದು ಹೈಡ್ರಾಲಿಕ್. ಅಲ್ಲಿ ಹಳೇ ರಬ್ಬರ್ ಹೋಸ್ ಒಳಗೊಳಗೇ ಊದಿ, ತುಳಿದಾಗ ಹೋದ ಆಯಿಲ್ ವಾಪಸ್ ಬರುವುದೇ ಇಲ್ಲ. ಸ್ಲಿಪ್ ಆಗುತ್ತಿರುವಾಗಲೇ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಫೋರ್ಕ್ ತಳ್ಳುವ ಸ್ಲೇವ್ ಸಿಲಿಂಡರಿನ ಬ್ಲೀಡ್ ನಿಪ್ಪಲ್ ಸ್ವಲ್ಪ ತಿರುಗಿಸಿ. ಆಯಿಲ್ ಚಿಮ್ಮಿ ಫೋರ್ಕ್ ಹಿಂದೆ ಸರಿದರೆ ತಪ್ಪು ಹೋಸಿನದು ಅಥವಾ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರಿನದು, ಕ್ಲಚ್ಚಿನದಲ್ಲ. ನಿಪ್ಪಲ್ ತೆರೆದ ಮೇಲೆ ಗಾಳಿ ಹೊಕ್ಕಿರುತ್ತದೆ, ಬ್ಲೀಡ್ ಮಾಡಿಯೇ, ಅಂದರೆ ಆ ಗಾಳಿ ಹೊರಗೆ ಬಿಟ್ಟೇ, ಓಡಿಸಿ.

ಆಮೇಲೆ ಗಾಡಿ ಕೆಳಗೆ ಮಲಗಿ, ಬೆಲ್ ಹೌಸಿಂಗಿನ ತಳದ ತೂತು ನೋಡಿ. ಮಣ್ಣು ಕೆರೆದು, ಒಂದು ತಂತಿ ತೂರಿಸಿ, ತುದಿಯಲ್ಲಿ ಬಂದದ್ದನ್ನು ಬೆರಳಿಗೆ ಹಚ್ಚಿಕೊಳ್ಳಿ. ಮಸಿ ಕಪ್ಪಾಗಿ ತೆಳ್ಳಗಿದ್ದರೆ ಇಂಜಿನ್ ಆಯಿಲ್, ಅಂದರೆ ಕ್ರ್ಯಾಂಕಿನ ಹಿಂದಿನ ಸೀಲ್. ದಪ್ಪಗೆ ಅಂಟಂಟಾಗಿ ಗಂಧಕದ ನಾತ ಹೊಡೆದರೆ ಗೇರ್ ಆಯಿಲ್, ಅಂದರೆ ಗೇರ್ ಬಾಕ್ಸಿನ ಮುಂದಿನ ಸೀಲ್. ಸೀಲ್ ಎಂದು ಹೇಳುವ ಮುಂಚೆ ಇಂಜಿನ್ ಮೇಲಿನ ಟ್ಯಾಪೆಟ್ ಕವರನ್ನೂ ನೋಡಿ. ಅಲ್ಲಿ ಸೋರಿದ ಆಯಿಲ್ ಹಿಂಬದಿಯಲ್ಲಿ ಇಳಿದು ಬಂದು ಇದೇ ಜಾಗದಲ್ಲಿ ತೊಟ್ಟಿಕ್ಕಿ ಎಲ್ಲರನ್ನೂ ಮೋಸ ಮಾಡುತ್ತದೆ. ಆಯಿಲ್ ಕುಡಿದ ಪ್ಲೇಟ್ ಸ್ಲಿಪ್ ಜೊತೆಗೆ ಹೊರಡುವಾಗ ಗಡಗಡ ನಡುಗಿಸುತ್ತದೆ ಕೂಡ. ಅದನ್ನು ಪೆಟ್ರೋಲಿನಲ್ಲಿ ತೊಳೆದು ಹಾಕಿದರೆ ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಹೊರಬರುತ್ತದೆ. ಆ ಕೆಲಸಕ್ಕೆ ಕೈ ಹಾಕಬೇಡಿ.

ಇಳಿಸಲೇಬೇಕಾದರೆ

ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಜೊತೆಯಲ್ಲೇ ಇಳಿಸಿದರೆ ಒಬ್ಬರ ಕೈಗೆ ಆಗುವ ಭಾರವಲ್ಲ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮುಂಚೆ ಪೇಂಟಿನಲ್ಲಿ ಗುರುತು ಹಾಕಿ. ಒಳಗಿನ ಧೂಳನ್ನು ಏರ್ ಹಿಡಿದು ಊದಬೇಡಿ, ಹಳೇ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ಲೇಟಿನ ರಿವೆಟ್ ತಲೆ ಲೈನಿಂಗಿಗಿಂತ ಎಷ್ಟು ಒಳಗಿದೆ ನೋಡಿ. 0.3 ಮಿ.ಮೀ.ಗಿಂತ ಕಡಿಮೆ ಇದ್ದರೆ ಹೊಸದು ಹಾಕಿ. ಫ್ಲೈವೀಲ್ ಮೇಲೆ ಉಗುರು ಎಳೆಯಿರಿ, ಗೀರಿಗೆ ಸಿಕ್ಕಿಕೊಂಡರೆ, ನೀಲಿ ಮಚ್ಚೆ ಅಥವಾ ಕೂದಲೆಳೆ ಬಿರುಕು ಕಂಡರೆ ಲೇತ್ ಅಂಗಡಿಯಲ್ಲಿ ತೋರಿಸಿ. ಬಿರುಕು ಆಳವಿದ್ದರೆ ಫೇಸಿಂಗ್ ಹೊಡೆಸಿ (ಮೇಲ್ಮೈ ಕೆತ್ತಿಸಿ ಸಮ ಮಾಡಿಸಿ) ಪ್ರಯೋಜನವಿಲ್ಲ, ಬದಲಿಸಬೇಕು. ಪ್ರೆಷರ್ ಪ್ಲೇಟಿನ ಬೆರಳುಗಳು ಒಂದೇ ಎತ್ತರದಲ್ಲಿ ಇರಬೇಕು. ಪ್ಲೇಟ್ ಒಂದನ್ನೇ ಹಾಕಿ ಬೇರಿಂಗ್ ಉಳಿಸುವುದು ನನ್ನ ಪ್ರಕಾರ ದಡ್ಡತನ. ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಹಿಂದಿನ ಸೀಲ್ ಎಲ್ಲ ಜೊತೆಗೇ ಹೊಸದು ಹಾಕಿ. ಇವಕ್ಕೆ ಕೊಡುವ ದುಡ್ಡಿಗಿಂತ ಇನ್ನೊಂದು ಸಲ ಇಳಿಸುವ ಮಜೂರಿ ಜಾಸ್ತಿ.

ಹೊಸ ರಿಲೀಸ್ ಬೇರಿಂಗನ್ನು ಯಾರಾದರೂ "ಕ್ಲೀನ್ ಮಾಡ್ತೀನಿ" ಎಂದು ಡೀಸೆಲ್ ಡಬ್ಬಿಯಲ್ಲಿ ಅದ್ದಲು ಹೋದರೆ ಕೈ ಹಿಡಿಯಿರಿ. ಸೀಲ್ ಆದ ಬೇರಿಂಗಿನ ಗ್ರೀಸ್ ಒಳಗೇ ಇರುತ್ತದೆ, ಡೀಸೆಲ್ ಹೊಕ್ಕರೆ ಅದು ಕರಗಿ ಹೋಗುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ, ಹೊಸ ಬೇರಿಂಗ್ ಮೂರೇ ತಿಂಗಳಿಗೆ ಸುಂಯ್‌ಗುಟ್ಟಿತು. ಗ್ರೀಸ್ ಬೇಕಾಗಿರುವುದು ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ, ಅದೂ ತೆಳ್ಳಗೆ ಸವರಿ ಒರೆಸಿದಷ್ಟು.

ಕ್ಲಚ್ ಪ್ಲೇಟಿನ ಮೇಲೆ ಫ್ಲೈವೀಲ್ ಕಡೆ ಯಾವುದು ಎಂದು ಬರೆದಿರುತ್ತದೆ, ಉಲ್ಟಾ ಹಾಕಿದರೆ ಕ್ಲಚ್ ಬಿಡುವುದೇ ಇಲ್ಲ. ಹಳೇ ಇನ್‌ಪುಟ್ ಶಾಫ್ಟ್ ಒಂದು ಸಿಕ್ಕಿದರೆ ಅದನ್ನು ತೂರಿಸಿ ಪ್ಲೇಟನ್ನು ನಡುವಿಗೆ ಕೂರಿಸಿ, ಆಮೇಲೆ ಬೋಲ್ಟುಗಳನ್ನು ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗೇರ್ ಬಾಕ್ಸ್ ಕೂರಿಸುವಾಗ ಅದರ ಭಾರ ಪ್ಲೇಟಿನ ಮೇಲೆ ನೇತಾಡಬಾರದು. ಬೋಲ್ಟ್ ಬಿಗಿದು ಎಳೆದು ಕೂರಿಸುವುದೂ ಬೇಡ, ಸರಿಯಾಗಿದ್ದರೆ ಅದು ತಾನೇ ಜಾರಿ ಕೂರುತ್ತದೆ. ಮೊದಲ 500 ಕಿ.ಮೀ. ಮೂಟೆ ಹೇರಬೇಡಿ, ಘಾಟಿಯಲ್ಲಿ ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸಬೇಡಿ. ಲೋಡ್ ಹಾಕಿ ಏರಿನಲ್ಲಿ ರಿವರ್ಸ್ ಹೊಡೆಯುವುದಿದ್ದರೆ ಲೋ ರೇಂಜ್ ಹಾಕಿಕೊಳ್ಳಿ, ಅದು ಇರುವುದೇ ಅದಕ್ಕೆ.

ಮಳೆಗಾಲದಲ್ಲಿ ಜೀಪನ್ನು ವಾರಗಟ್ಟಲೆ ಶೆಡ್ಡಿನಲ್ಲೇ ಬಿಡುವವರಿಗೆ ಇನ್ನೊಂದು ವಿಷಯ. ಹಳ್ಳ ದಾಟಿಸಿ ತಂದು ಹಾಗೇ ನಿಲ್ಲಿಸಿದರೆ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಎಷ್ಟು ತುಳಿದರೂ ಗೇರ್ ಬೀಳುವುದಿಲ್ಲ. ಟ್ರ್ಯಾಕ್ಟರಿನವರು ಮಾಡುವ ಹಾಗೆ ಪೆಡಲನ್ನು ಪೂರ್ತಿ ಒತ್ತಿ, ಸೀಟಿನ ಚೌಕಟ್ಟಿಗೂ ಪೆಡಲಿಗೂ ನಡುವೆ ಒಂದು ಮರದ ತುಂಡು ಕೊಟ್ಟು ಬಿಡಿ. ಗಾಡಿ ಆಗ ಗೇರಿನ ಹಿಡಿತದಲ್ಲಿ ಇರುವುದಿಲ್ಲ, ಕಲ್ಲು ಕೊಡಲೇಬೇಕು. ಮರದ ತುಂಡು ಇದೆ ಎಂದು ಸ್ಟೀರಿಂಗಿಗೆ ಒಂದು ಚೀಟಿ ಕಟ್ಟಿ. ನಮ್ಮ ಮನೆಯಲ್ಲಿ ಒಂದು ವರ್ಷ ಚೀಟಿ ಕಟ್ಟಿರಲಿಲ್ಲ, ಭಾವ ಬಂದರು, ಕೀ ತಿರುಗಿಸಿದರು, ಗೇರ್ ಹಾಕಿದರು, ಜೀಪು ಕದಲಲಿಲ್ಲ. ಕೆಳಗಿಳಿದು ಬಂದು "ನಿನ್ನ ಕ್ಲಚ್ ಮತ್ತೆ ಹೋಗಿದೆ" ಎಂದರು.